ನಾಗವೇಣಿಯ ಲ್ಯಾಪ್‌ಟಾಪಿನಲ್ಲಿದ್ದ ಫೈಲು

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಗೆ ನಾನು ಟೈಪಿಸ್ಟಾಗಿ ಸೇರಿದೆ. ಆಮೇಲೆ ಕಂಪ್ಯೂಟರುಗಳು ಬಂದವು. ಅವನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು, ದುಡಿಮೆಯ ಬಹುಪಾಲು ಅದರಲ್ಲೇ ಕಳೆಯಿತು. ನಿವೃತ್ತಿಯಾದದ್ದು ಮಾತ್ರ ಹಳೆಯ ಕೇಸ್ ಶೀಟುಗಳನ್ನು ಕಟ್ಟಿಡುವ ರೆಕಾರ್ಡ್ ರೂಮಿನಿಂದ.

ಹರಿಹರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಈಚೆಗೆ ಇದೇ ಬಗೆಯ ಕೆಲಸಕ್ಕೆ ಸೇರಿದ್ದಾಳೆ. "ಆಂಟಿ, ಈ ಕೆಲ್ಸ ನಿಜವಾಗ್ಲೂ ಹೆಂಗಿರತೈತೆ ಹೇಳ್ರಿ" ಎಂದು ಒಂದು ಸಂಜೆ ಬಂದು ಕೂತಳು. ವೈರು, ಪ್ರಿಂಟರು, ಪಾಸ್‌ವರ್ಡುಗಳ ಸಂಗತಿ ಹೇಳುತ್ತಾ ಹೋದೆ. ಆಸ್ಪತ್ರೆಯಲ್ಲಿ ಜೊತೆಗಿದ್ದ ನಾಗವೇಣಿಯ ವಿಷಯಕ್ಕೆ ಬಂದಾಗ ಮಾತು ನಿಲ್ಲಿಸಿ, ಬರೆದು ಕೊಡುತ್ತೇನೆ ಎಂದೆ. ಇದು ಆ ಬರಹ.

ನಮ್ಮ ಸಿಸ್ಟಮ್ ರೂಮು ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್ ಇಡುವ ಕೋಣೆ. ಸಿಲಿಂಡರ್ ಉರುಳಿಸಿಕೊಂಡು ಹೋಗುವ ಸದ್ದು ಜಾಸ್ತಿಯಾದ ದಿನ ಮೇಲೆ ವಾರ್ಡಿನಲ್ಲಿ ಏನೋ ಸರಿಯಿಲ್ಲ ಎಂದು ನಾವು ಕೂತಲ್ಲೇ ತಿಳಿದುಕೊಳ್ಳುತ್ತಿದ್ದೆವು. ನಾನು ದಿನಾ ಹರಿಹರದಿಂದ ಬಸ್ಸಿಗೋ ರೈಲಿಗೋ ಬಂದು ಆ ಕೋಣೆಯ ಬೀಗ ತೆಗೆಯುತ್ತಿದ್ದೆ. ಬಾಗಿಲು ತೆಗೆದ ಕೂಡಲೇ ಫೋನು ಬರುತ್ತಿತ್ತು. "ವನಜಾಕ್ಷಿ ಮೇಡಂ, ಇಲ್ಲೊಂದು ಫೈಲು ಬಂದೈತ್ರಿ. ಯಾವುದೋ ಏನೋ. ಡಿಲೀಟ್ ಮಾಡ್ಲಾ?" ನನ್ನ ಕೆಲಸದಲ್ಲಿ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. "ಕೈ ಹಚ್ಚಬ್ಯಾಡ್ರಿ, ಬರ್ತೀನಿ" ಎನ್ನುವುದು ನನ್ನ ಉತ್ತರ.

ಹಾಗೆ ಹೇಳುವುದನ್ನು ನಾನು ಕಲಿತದ್ದು ಒಂದು ಕೆಟ್ಟ ದಿನದಿಂದ. ನಮ್ಮ ಆಡಳಿತಾಧಿಕಾರಿ ರಾಜಶೇಖರಪ್ಪನವರು ಹೊಸ ಆ್ಯಂಟಿವೈರಸ್ ತರಿಸಿದ್ದರು. ಹಾಕಿದ ಮೊದಲ ವಾರವೇ ಅದು ಲ್ಯಾಬಿನ ಕಂಪ್ಯೂಟರಿನಲ್ಲಿ ಒಂದು ಫೈಲಿಗೆ ಕೆಂಪು ಗುರುತು ಹಾಕಿತು. ಅಕ್ಷರ, ಅಂಕಿ ಕಲಸಿಟ್ಟಂಥ ಹೆಸರು. ಯಾರೂ ಕೇಳಿದ್ದಲ್ಲ.

"ಕೆಂಪು ಬಂದಮೇಲೆ ಮುಗೀತಲ್ರೀ. ತೆಗೀರಿ ಅದನ್ನ" ಎಂದರು ರಾಜಶೇಖರಪ್ಪ.

"ಸರ್, ಅದು ರಕ್ತ ಪರೀಕ್ಷೆ ಮಷೀನಿಗೆ ಸಂಬಂಧಪಟ್ಟಿದ್ದು ಅನ್ಸತೈತೆ. ಕಂಪನಿಯವರನ್ನ ಒಂದ್ಮಾತು ಕೇಳಿ ತೆಗೆಯೋಣ."

"ಅವರು ಫೋನ್ ಎತ್ತೋದ್ರಾಗ ಇಡೀ ಆಸ್ಪತ್ರೆಗೆ ಹಬ್ಬಿದ್ರೆ ನೀವು ಜವಾಬ್ದಾರೀನಾ?"

ಅವರ ಭಯವೂ ಸುಳ್ಳಲ್ಲ. ಬೇರೆ ಊರಿನ ಒಂದು ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ವೈರಸ್ಸು ಹೊಕ್ಕು ಒಮ್ಮೆಲೇ ಬೀಗ ಬಿದ್ದಂತಾಗಿದ್ದ ಸುದ್ದಿ ಆಗಷ್ಟೇ ಕೇಳಿದ್ದೆವು. ಅವರೇ ಲ್ಯಾಬಿನವರಿಗೆ ಹೇಳಿ ತೆಗೆಸಿದರು. ಆ ಫೈಲು ರಕ್ತ ಪರೀಕ್ಷೆಯ ಯಂತ್ರವನ್ನೂ ಕಂಪ್ಯೂಟರನ್ನೂ ಮಾತಾಡಿಸುವ ಫೈಲಾಗಿತ್ತು. ಯಂತ್ರ ಓಡುತ್ತಿತ್ತು, ವರದಿ ಹೊರಗೆ ಬರುತ್ತಿರಲಿಲ್ಲ. ಸ್ಯಾಂಪಲ್ಲುಗಳನ್ನು ಆಟೋದಲ್ಲಿ ಬೇರೆ ಲ್ಯಾಬಿಗೆ ಕಳಿಸಬೇಕಾಯಿತು. ಮೇಲೆ ವಾರ್ಡಿನಲ್ಲಿ ಕಿಡ್ನಿ ಕೆಟ್ಟ ಒಬ್ಬ ಡ್ರಿಲ್ ಮೇಷ್ಟ್ರಿದ್ದರು. ಅವರ ರಕ್ತದ ವರದಿಗಾಗಿ ಡಾಕ್ಟರು ಕಾಯುತ್ತಿದ್ದರು. ವರದಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಮರುದಿನ ಮೇಷ್ಟ್ರು ತೀರಿಹೋದರು. ರೋಗ ಅಷ್ಟು ಮುಂದುವರಿದಿತ್ತು, ವರದಿ ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಲ್ಯಾಬಿನ ಕಿಟಕಿಯ ಮುಂದೆ ನಿಂತು "ಬಂತಾ ರಿಪೋರ್ಟು? ಬಂತಾ?" ಎಂದು ಕೇಳುತ್ತಿದ್ದ ಅವರ ಮಗನ ಮುಖ ನನಗೂ ಮರೆಯಲಿಲ್ಲ, ರಾಜಶೇಖರಪ್ಪನವರಿಗೂ ಮರೆಯಲಿಲ್ಲ ಎಂದು ಕಾಣುತ್ತದೆ. ಅಲ್ಲಿಂದಾಚೆ ಅವರು ಯಾವ ಫೈಲನ್ನೂ ತೆಗೆಯಿರಿ ಎನ್ನಲಿಲ್ಲ. ಯಾವುದಕ್ಕೂ ಕೈ ಹಾಕಬೇಡಿ ಎನ್ನುವ ಕಡೆಗೆ ಹೊರಳಿದರು.

ಗುರುತಿಲ್ಲದ ಫೈಲು ಎದುರಾದಾಗ ಏನು ಮಾಡಬೇಕು ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನೂರು ಪುಟ ಸಿಗುತ್ತವೆ. ಯಾವ ಹೆಸರು ಕೊಟ್ಟರೂ ಅದೇ ನಾಲ್ಕು ಸಾಲು, ಇದು ಅಪಾಯಕಾರಿ ಇರಬಹುದು, ಇಲ್ಲದೆಯೂ ಇರಬಹುದು ಎಂದು ಬರೆದು, ಕೆಳಗೆ ತಮ್ಮದೊಂದು ಪ್ರೋಗ್ರಾಮು ಇಳಿಸಿಕೊಳ್ಳಿ ಎನ್ನುವ ಗುಂಡಿ ಇಟ್ಟಿರುತ್ತಾರೆ. ಆ ಗುಂಡಿ ಒತ್ತಿ ಇದ್ದ ಕಂಪ್ಯೂಟರನ್ನೂ ಕೆಡಿಸಿಕೊಂಡವರು ನಮ್ಮಲ್ಲೇ ಇದ್ದರು. ನಾನು ಹೆಸರನ್ನು ನಂಬುವುದು ಬಿಟ್ಟೆ. ಒಮ್ಮೆ ಎಕ್ಸ್-ರೇ ವಿಭಾಗದವರ ಪೆನ್ ಡ್ರೈವಿನಿಂದ ಬಂದ ಫೈಲೊಂದಕ್ಕೆ ವಿಂಡೋಸಿನ ಅಸಲಿ ಫೈಲಿನದೇ ಹೆಸರಿತ್ತು. ಇಂಗ್ಲಿಷಿನ ಸಣ್ಣ ಎಲ್ ಇರಬೇಕಾದ ಕಡೆ ದೊಡ್ಡ ಐ ಅಕ್ಷರ. ತೆರೆಯ ಮೇಲೆ ಎರಡೂ ಒಂದೇ ನಿಂತ ಗೆರೆ. ಅಸಲಿ ಫೈಲು ಇರುವ ಜಾಗದಲ್ಲಿ ಇದು ಇರಲಿಲ್ಲ ಎನ್ನುವುದರಿಂದ ಮಾತ್ರ ಸಿಕ್ಕಿಬಿತ್ತು. ಆದ್ದರಿಂದ ಎಲ್ಲಿ ಕೂತಿದೆ, ಯಾವತ್ತು ಬಂತು, ಮಾಡಿದವರು ಯಾರೆಂದು ತೋರಿಸುವ ಡಿಜಿಟಲ್ ಸಹಿ ಯಾರದು, ಕಂಪ್ಯೂಟರು ಶುರುವಾದಾಗ ಇದನ್ನು ಎಬ್ಬಿಸುವವರು ಯಾರು, ಎದ್ದ ಮೇಲೆ ಇದು ಹೊರಗೆ ಯಾರ ಜೊತೆ ಮಾತಾಡುತ್ತದೆ ಎಂದು ನೋಡಬೇಕು. ಸಂಶಯವಿದ್ದರೆ ಅದನ್ನು ತಡೆದು ಒಂದು ಕಡೆ ಇಡಬೇಕು, ಅಳಿಸಬಾರದು. ಇಷ್ಟನ್ನು ಯಾರಾದರೂ ಕಲಿಯಬಹುದು. ಕಲಿಯಲು ಆಗದ್ದು ಆಮೇಲೆ ಬಂತು.

ನಾಗವೇಣಿ ನಮ್ಮ ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಹರಿಹರ ತಾಲ್ಲೂಕಿನ ಕೊಕ್ಕನೂರಿನವಳು, ಮದುವೆಯಾಗಿ ದಾವಣಗೆರೆಯ ವಿನೋಬನಗರಕ್ಕೆ ಬಂದವಳು. ಮಧ್ಯಾಹ್ನ ಊಟದ ಡಬ್ಬಿ ತಗೊಂಡು ನನ್ನ ಕೋಣೆಗೆ ಬರುತ್ತಿದ್ದಳು. ಗಂಡ ಪ್ರಕಾಶ ಅಂಗಡಿಗಳಿಗೆ ಸಿಸಿಟಿವಿ ಕ್ಯಾಮೆರಾ ಕೂರಿಸುವವನು, ಮಾತು ನಯ, ಓಣಿಯಲ್ಲಿ ಒಳ್ಳೆಯ ಹೆಸರು. ಅವರ ಮಗಳು ಸಿಂಚನಾ ಆಗ ಪ್ರೈಮರಿ ಶಾಲೆ. ನಾಗವೇಣಿ ಮೊದಮೊದಲು ಬಹಳ ಮಾತಾಡುವ ಹೆಂಗಸು. ತಂಗಿ ಸವಿತಾ ಹೇಳಿದ್ದು, ಸವಿತಾ ನಕ್ಕಿದ್ದು, ಇದೇ ಅವಳ ಮಾತು. ಸವಿತಾ ಕೊಕ್ಕನೂರಿನಲ್ಲಿ ತಾಯಿಯ ಜೊತೆ ಇದ್ದು ಹರಿಹರದ ಒಂದು ಶಾಲೆಗೆ ಪಾಠ ಮಾಡಲು ಬಂದುಹೋಗುತ್ತಿದ್ದಳು.

ಬರಬರುತ್ತ ನಾಗವೇಣಿಯ ಮಾತು ಕಮ್ಮಿಯಾಯಿತು. ಸವಿತಾಳ ಹೆಸರು ನಿಂತೇಹೋಯಿತು. ಅವರ ತಾಯಿ ತೀರಿಕೊಂಡಾಗ ನಾವು ಕೆಲವರು ಕೊಕ್ಕನೂರಿಗೆ ಹೋಗಿದ್ದೆವು. ಅಂಗಳದಲ್ಲಿ ತಾಯಿಯ ಹೆಣದ ಒಂದು ಬದಿಗೆ ನಾಗವೇಣಿ, ಇನ್ನೊಂದು ಬದಿಗೆ ಸವಿತಾ ಕೂತಿದ್ದರು. ಇಬ್ಬರೂ ಅಳುತ್ತಿದ್ದರು. ಒಬ್ಬರ ಕಡೆ ಒಬ್ಬರು ನೋಡಲಿಲ್ಲ. ಪ್ರಕಾಶ ಬಂದವರಿಗೆಲ್ಲ ನೀರು ಕೊಡಿಸುತ್ತಾ, ಚಾಪೆ ಹಾಸುತ್ತಾ ಓಡಾಡುತ್ತಿದ್ದ. "ಎಂಥ ಅಳಿಯ ಸಿಕ್ಯಾನೆ" ಎಂದು ನನ್ನ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಹೇಳಿದಳು.

ಅದಾಗಿ ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ನಾಗವೇಣಿ ಊಟದ ಡಬ್ಬಿಯ ಜೊತೆ ಲ್ಯಾಪ್‌ಟಾಪನ್ನೂ ತಂದಳು.

"ಅಕ್ಕ, ಒಂಚೂರು ನೋಡ್ರಿ ಇದನ್ನ. ನಿನ್ನೆ ಯಾವುದೋ ಫೈಲು ನಿಂತೋಯ್ತು ಅಂತ ಸ್ಕ್ರೀನ್ ಮ್ಯಾಲೆ ಒಂದು ಡಬ್ಬಿ ಬಂತು, ಹಂಗೇ ಹೋಯ್ತು. ಇಲ್ಲಿ ಕೌಂಟರಿನ ಕಂಪ್ಯೂಟರಿನಾಗ ನೆಟ್ಟು ನೋಡಿದ್ರೆ ಒಬ್ಬರು ಸಿಸ್ಟಮ್ ಫೈಲು ಅಂತಾರೆ, ಒಬ್ಬರು ವೈರಸ್ ಅಂತಾರೆ. ರಿಪೇರಿ ಅಂಗಡಿಗೂ ಒಯ್ದಿದ್ದೆ. ಸ್ಕ್ಯಾನ್ ಮಾಡಿ ಏನೂ ಇಲ್ಲ ಅಂದ್ರು."

"ಮನೇಲಿ ಪ್ರಕಾಶನಿಗೆ ತೋರ್ಸಿಲ್ಲೇನು? ಅವನಿಗೆ ಇವೆಲ್ಲ ಗೊತ್ತಿರತೈತಲ್ಲ."

ಅವಳು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವಳು ನಿಲ್ಲಿಸಿದಳು. "ಬ್ಯಾಡ ಅಕ್ಕ. ಅವ್ರಿಗೆ ಹೇಳೋದು ಬ್ಯಾಡ."

ಒಳಗಿರುವುದು ಏಳದಂತೆ ನಾನು ಲ್ಯಾಪ್‌ಟಾಪನ್ನು ನನ್ನ ಪೆನ್ ಡ್ರೈವಿನಿಂದ ಶುರುಮಾಡಿದೆ. ಫೈಲಿನ ಹೆಸರು ವಿಂಡೋಸಿನದೇ ಯಾವುದೋ ಸಹಾಯಕ ಫೈಲಿನಂತಿತ್ತು. ಆ್ಯಂಟಿವೈರಸ್ಸಿಗೆ ಏನೂ ತಕರಾರಿಲ್ಲ. ಸಹಿ ನೋಡಿದೆ. ಸಹಿ ಇತ್ತು, ಸರಿಯಾಗಿಯೂ ಇತ್ತು. ಆದರೆ ವಿಂಡೋಸ್ ಮಾಡಿದವರ ಸಹಿಯಲ್ಲ. ಆ ಹೆಸರನ್ನು ನನ್ನ ಕಂಪ್ಯೂಟರಿನಲ್ಲಿ ಹುಡುಕಿದೆ. ಅದೊಂದು ಕಂಪನಿ. "ನಿಮ್ಮ ಮಕ್ಕಳು, ನಿಮ್ಮ ನೌಕರರು ಕಂಪ್ಯೂಟರಿನಲ್ಲಿ ಏನು ಮಾಡುತ್ತಾರೆ ತಿಳಿಯಿರಿ" ಎಂದು ಜಾಹೀರಾತು ಹಾಕಿ ಪ್ರೋಗ್ರಾಮು ಮಾರುವವರು. ರಾಜಾರೋಷವಾಗಿ ಮಾರುವ ಸರಕು, ಅದಕ್ಕೇ ಆ್ಯಂಟಿವೈರಸ್ಸು ಸುಮ್ಮನಿತ್ತು. ಫೈಲು ಬಂದದ್ದು ಹೋದ ವರ್ಷದ ದೀಪಾವಳಿಯ ಹೊತ್ತಿಗೆ. ಅದು ಕೂತಿದ್ದ ಫೋಲ್ಡರು ಮಾಮೂಲಿ ಕಣ್ಣಿಗೆ ಕಾಣದಂತೆ ಬಚ್ಚಿಟ್ಟದ್ದು. ಅದರೊಳಗೆ ಇನ್ನೊಂದು ಫೋಲ್ಡರು, ಅದರ ತುಂಬ ಚಿತ್ರಗಳು. ಒಂದನ್ನು ತೆಗೆದೆ. ಅದು ಈ ಲ್ಯಾಪ್‌ಟಾಪಿನ ತೆರೆಯದೇ ಚಿತ್ರ. ನಾಗವೇಣಿ ಸವಿತಾಳಿಗೆ ಬರೆದ ಸಂದೇಶ. "ಶಿವಮೊಗ್ಗದಾಗ ಕೆಲ್ಸ ಸಿಕ್ರೆ ಸಿಂಚನಾನ ಕರ್ಕೊಂಡು ಹೋಗ್ತೀನಿ, ಯಾರಿಗೂ ಹೇಳಬ್ಯಾಡ" ಎಂಬ ಸಾಲು ಕಣ್ಣಿಗೆ ಬಿತ್ತು. ಮುಂದೆ ಓದದೆ ಮುಚ್ಚಿದೆ.

ಇಂಥದ್ದನ್ನು ಹೇಗೆ ಹೇಳಬೇಕೆಂದು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ಎದ್ದು ಬಾಗಿಲು ಹಾಕಿ ಬಂದೆ.

"ನಾಗವೇಣಿ, ಈ ಲ್ಯಾಪ್‌ಟಾಪು ಮನೇಲಿ ಬಿಟ್ಟು ಎಲ್ಲಿಗಾದ್ರೂ ಹೋಗಿದ್ಯಾ? ಹೋದ ವರ್ಷ, ದೀಪಾವಳಿ ಹೊತ್ತಿಗೆ?"

"ಊರಿಗೆ ಹೋಗಿದ್ದೆ. ಅವ್ವಂಗೆ ಹುಷಾರಿರ್ಲಿಲ್ಲ. ಯಾಕ್ರೀ?"

"ಆವಾಗ ಇದನ್ನ ಯಾರೋ ಇದ್ರೊಳಗೆ ಹಾಕ್ಯಾರೆ. ನೀನು ಟೈಪ್ ಮಾಡಿದ್ದೆಲ್ಲ, ನೋಡಿದ್ದೆಲ್ಲ ಫೋಟೋ ಹಿಡಿದು ಅವರಿಗೆ ಕಳಸತೈತೆ ಇದು."

ಅವಳು ಗಂಡನ ಹೆಸರು ಹೇಳುತ್ತಾಳೆ, ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಊಟದ ಡಬ್ಬಿಯ ಮುಚ್ಚಳ ಹಾಕಿದಳು.

"ಹಂಗಾದ್ರೆ ಸವಿತಾ ಹೇಳಿರ್ಲಿಲ್ಲ."

ಆಮೇಲೆ ಎಲ್ಲ ಹೇಳಿದಳು. ಅವಳ ಫೋನನ್ನು ಪ್ರಕಾಶ ದಿನಾ ರಾಜಾರೋಷವಾಗಿ ನೋಡುತ್ತಿದ್ದ. ಗಂಡ ಹೆಂಡತಿ ನಡುವೆ ಮುಚ್ಚಿಡುವುದೇನಿದೆ ಎನ್ನುತ್ತಿದ್ದ. ಲ್ಯಾಪ್‌ಟಾಪು ಮಾತ್ರ ಅವಳದು, ಪಾಸ್‌ವರ್ಡು ತನಗೊಬ್ಬಳಿಗೇ ಗೊತ್ತು ಎಂದು ಅವಳು ನಂಬಿದ್ದಳು. ಸವಿತಾಳ ಜೊತೆ ಅದರಲ್ಲೇ ಬರೆದು ಮಾತಾಡುತ್ತಿದ್ದಳು. ಶಿವಮೊಗ್ಗದ ಮಾತು ಬರೆದು ಎರಡು ದಿನ ಬಿಟ್ಟು, ಊಟಕ್ಕೆ ಕೂತಾಗ ಪ್ರಕಾಶ ತಟ್ಟೆ ನೋಡುತ್ತಾ, "ಶಿವಮೊಗ್ಗದಾಗ ಮಳಿ ಜಾಸ್ತಿ ಅಂತಲ್ಲ ಈ ವರ್ಷ" ಎಂದಿದ್ದ. ಇನ್ನೊಂದು ದಿನ, "ನಿನ್ನ ತಂಗಿ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ ಬಿಡು" ಎಂದು ನಕ್ಕಿದ್ದ. ಅಷ್ಟು ಸಾಕಾಯಿತು. ಆ ಮಾತು ಸವಿತಾಳೊಬ್ಬಳಿಗೇ ಗೊತ್ತಿದ್ದದ್ದು. ನಾಗವೇಣಿ ತಂಗಿಯನ್ನು ಕೇಳಿದಳು. ಸವಿತಾ ಅವ್ವನ ಮೇಲೆ ಆಣೆ ಮಾಡಿದಳು. ನಾಗವೇಣಿ ನಂಬಲಿಲ್ಲ. ಅಲ್ಲಿಗೆ ಮಾತು ನಿಂತಿತು, ತಾಯಿ ಸತ್ತಾಗಲೂ ನಿಂತೇ ಇತ್ತು.

"ತೆಗೀರಿ ಅಕ್ಕ ಅದನ್ನ. ಈಗ್ಲೇ ತೆಗೀರಿ" ಎಂದಳು.

"ತೆಗದ್ರೆ ಇವತ್ತು ಸಂಜೇನೇ ಅವನಿಗೆ ಗೊತ್ತಾಗತೈತೆ. ಬರೋದು ನಿಂತಿತು ಅಂದ್ರೆ ನಿನಗೆ ತಿಳೀತು ಅಂತಾನೇ ಅರ್ಥ. ಆವಾಗ ಏನ್ಮಾಡ್ತಾನೆ?"

ಅಪಾಯದ ಫೈಲೆಂದು ಖಾತ್ರಿಯಾದ ಮೇಲೂ ಅದನ್ನು ಇದ್ದಲ್ಲೇ ಬಿಟ್ಟದ್ದು ನನ್ನ ಕೆಲಸದಲ್ಲಿ ಅದೊಂದೇ ಸಲ. ಕಂಡದ್ದನ್ನೆಲ್ಲ ನನ್ನ ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ನನಗೆ ಪರಿಚಯದ ಒಬ್ಬ ವಕೀಲೆ ಇದ್ದರು. ಅವರಿಗೆ ತೋರಿಸಿದಾಗ ಅವರೂ ಅದನ್ನೇ ಹೇಳಿದರು. ಲ್ಯಾಪ್‌ಟಾಪು ಪೊಲೀಸರ ಕೈ ಸೇರುವವರೆಗೆ ಏನನ್ನೂ ಅಳಿಸಬೇಡಿ, ಅವಳು ಮಗಳ ಜೊತೆ ಹೋಗಿ ಇರಲು ಒಂದು ಜಾಗ ಮೊದಲು ನೋಡಿ ಎಂದರು.

ನಾಗವೇಣಿ ಆ ಲ್ಯಾಪ್‌ಟಾಪನ್ನು ಮನೆಗೆ ಒಯ್ದಳು. ಗಂಡ ಓದುತ್ತಾನೆಂದು ಗೊತ್ತಿದ್ದೂ ದಿನಾ ಅದರ ಮುಂದೆ ಕೂತು ಅಡುಗೆ, ಸೀರೆ, ಮಗಳ ಹೋಮ್‌ವರ್ಕು ಎಂದು ಏನೇನೋ ಹುಡುಕುತ್ತಿದ್ದಳು. ಅವನ ಎದುರಿಗೆ ಕೂತು ಉಣ್ಣುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕೋಣೆಯಲ್ಲಿ, "ಅಕ್ಕ, ತಪ್ಪು ಅಕ್ಷರ ಬಿದ್ರೆ ಅದನ್ನೂ ನೋಡ್ತಾನೆ ಅನ್ಸತೈತೆ" ಎಂದಳು. ಡಬ್ಬಿಯಲ್ಲಿದ್ದ ರೊಟ್ಟಿ ಹಾಗೇ ವಾಪಸ್ಸು ಹೋಗುತ್ತಿತ್ತು.

ಸವಿತಾಳನ್ನು ನೋಡಲು ಅವಳನ್ನು ನಾನೇ ಹರಿಹರಕ್ಕೆ ಕರೆದುಕೊಂಡು ಹೋದೆ. ಫೋನು ಮಾಡುವ ಹಾಗಿರಲಿಲ್ಲ. ಅರ್ಧ ದಿನ ರಜೆ ಹಾಕಿ, ಮನೆಯಲ್ಲಿ ಹೇಳದೆ ಬಂದಿದ್ದಳು. ಶಾಲೆಯಲ್ಲಿ ಊಟದ ವಿರಾಮ. ಸವಿತಾ ಗೇಟಿಗೆ ಬಂದವಳು ಅಕ್ಕನನ್ನು ಕಂಡು ಅಲ್ಲೇ ನಿಂತಳು. ಗೇಟಿನ ಒಳಗೆ ಅವಳು, ಹೊರಗೆ ನಾವು. ನಾನೇ ಇದ್ದದ್ದನ್ನು ಹೇಳಿದೆ. ಸವಿತಾ ಕೊನೆಯವರೆಗೂ ಕೇಳಿಸಿಕೊಂಡಳು.

"ಅವ್ವ ಕೇಳೋಳು" ಎಂದಳು ಆಮೇಲೆ, ನನ್ನನ್ನೇ ನೋಡುತ್ತಾ. "ನೀವಿಬ್ರೂ ಯಾಕ ಮಾತಾಡಲ್ಲ ಅಂತ ದಿನಾ ಕೇಳೋಳು. ನಾನು ಏನಂತ ಹೇಳ್ಲಿ? ಅಕ್ಕ ನನ್ನ ಕಳ್ಳಿ ಅಂದಂಗೆ ಅಂದಾಳೆ ಅಂತ ಹೇಳ್ಲಾ? ಕೆಲ್ಸ ಜಾಸ್ತಿ ಅವ್ವ ಅಂತಿದ್ದೆ."

"ಸವೀ" ಎಂದು ನಾಗವೇಣಿ ಗೇಟಿನ ಸರಳು ಹಿಡಿದಳು.

"ನಿನ್ನ ಮ್ಯಾಲೆ ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ ಅಕ್ಕ. ಈಗ ಕ್ಲಾಸ್ ಐತೆ." ಗಂಟೆ ಹೊಡೆಯಿತು. ಅವಳು ಎರಡು ಹೆಜ್ಜೆ ಹೋಗಿ ತಿರುಗಿದಳು. "ಸಿಂಚನಾನ ಕರ್ಕೊಂಡು ಊರಿಗೆ ಬಾ. ಅವ್ವನ ಕೋಣೆ ಖಾಲಿ ಐತೆ."

ನಾಗವೇಣಿ ಹೊರಟದ್ದು ಒಂದು ಸೋಮವಾರ ಬೆಳಿಗ್ಗೆ. ಎಂದಿನಂತೆ ಕೆಲಸಕ್ಕೆ ಹೊರಟವಳು ಮಗಳ ಶಾಲೆಗೆ ಹೋಗಿ ಅವಳನ್ನು ಕರೆದುಕೊಂಡು, ವಕೀಲೆಯ ಜೊತೆ ಸೈಬರ್ ಪೊಲೀಸರ ಹತ್ತಿರ ಹೋದಳು. ಅವರು ದೂರು ಬರೆದುಕೊಂಡು ಲ್ಯಾಪ್‌ಟಾಪು ತೆಗೆದಿಟ್ಟುಕೊಂಡರು. ಮಧ್ಯಾಹ್ನದ ಹೊತ್ತಿಗೆ ತಾಯಿ ಮಗಳು ಕೊಕ್ಕನೂರಿನಲ್ಲಿದ್ದರು.

ಪೊಲೀಸರು ಫೋನಿನಲ್ಲಿ ವಿಚಾರಿಸಿದಾಗ ನನ್ನ ಹೆಸರು ತಿಳಿದು, ಸಂಜೆ ಪ್ರಕಾಶ ನನ್ನ ಕೋಣೆಗೆ ಬಂದ. ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತ.

"ಮೇಡಂ, ಆ ಲ್ಯಾಪ್‌ಟಾಪು ನಾನೇ ಕೊಡ್ಸಿದ್ದು. ನಮ್ಮನೆ ಸಾಮಾನು. ಅದನ್ನ ಬಿಚ್ಚಿ ನೋಡಾಕೆ ನೀವ್ಯಾರು?"

"ಅವಳು ಕೇಳಿದ್ಲು, ನೋಡಿದೆ."

"ನಾನು ಎಲ್ಲಾರ ಅಂಗಡಿಗೂ ಕ್ಯಾಮೆರಾ ಹಾಕ್ತೀನಿ. ಯಾರೂ ನನ್ನ ಕಳ್ಳ ಅಂದಿಲ್ಲ. ಮನಿ ಕಾಯೋದಕ್ಕೂ ಹಂಗೇ ಒಂದು ಹಾಕಿದ್ದೆ. ಹಾಕಿದ್ದಕ್ಕೇ ಗೊತ್ತಾಯ್ತಲ್ಲ, ಹೆಂಡ್ತಿ ಮಗು ಕರ್ಕೊಂಡು ಓಡಿಹೋಗೋಳಿದ್ಲು ಅಂತ. ಹೇಳ್ರಿ, ತಪ್ಪು ಯಾರದು?"

ಉತ್ತರಕ್ಕೆ ಕಾಯದೆ ಅವನು ಎದ್ದ. ಹೋಗುವಾಗ ಬಾಗಿಲ ಮೇಲಿನ ಕ್ಯಾಮೆರಾ ನೋಡಿ, "ಇದರ ಆ್ಯಂಗಲ್ ಸರಿಯಿಲ್ಲ ಮೇಡಂ. ನೀವು ಕೂತಿರೋ ಜಾಗ ಕಾಣಲ್ಲ" ಎಂದ.

ಮರುದಿನ ರಾಜಶೇಖರಪ್ಪ ಕರೆಸಿದರು. ಪ್ರಕಾಶ ಅವರ ಹತ್ತಿರವೂ ಹೋಗಿ ಬಂದಿದ್ದ.

"ಹೊಡೀತಿದ್ನೇನ್ರೀ ಆ ಮನುಷ್ಯ?"

"ಇಲ್ಲ ಸರ್."

"ಕುಡೀತಿದ್ನಾ?"

"ಇಲ್ಲ ಸರ್."

"ಮತ್ತೇನು? ಒಬ್ಬ ಗಂಡ ಹೆಂಡ್ತಿ ಮೇಲೆ ಅನುಮಾನ ಪಟ್ಟ, ಅಷ್ಟೇ ಅಲ್ವಾ? ಎಷ್ಟು ಮನೇಲಿ ಇಲ್ಲ ಅದು? ನಮ್ದು ಆಸ್ಪತ್ರೆ ವನಜಾಕ್ಷಿ. ಸಂಸಾರ ಒಡೆಯೋದು ನಮ್ಮ ಸಿಸ್ಟಮ್ ರೂಮಿನ ಕೆಲ್ಸ ಅಲ್ಲ."

"ಸರ್, ಅವಳು ಒಂದು ಫೈಲು ಸುರಕ್ಷಿತವಾ ಅಂತ ಕೇಳಿದ್ಲು. ಅಲ್ಲ ಅಂದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು. "ನಿಮಗೆ ಆಸ್ಪತ್ರೆಯದ್ದಲ್ಲದ ಕಂಪ್ಯೂಟರು ನೋಡ್ರಿ ಅಂತ ಯಾರು ಹೇಳಿದ್ರು? ನಾಳೆ ಕೋರ್ಟಿಗೆ ಆಸ್ಪತ್ರೆ ಹೆಸರು ಎಳೆದ್ರೆ ನಾನೇನು ಉತ್ತರ ಕೊಡ್ಲಿ?" ಎಂದರು. ಅದೇ ವಾರ ಸಿಸ್ಟಮ್ ರೂಮಿನ ಕೀಲಿ ಹೊರಗಿನ ಒಂದು ಕಂಪನಿಯವರ ಕೈಗೆ ಹೋಯಿತು. ನನ್ನನ್ನು ರೆಕಾರ್ಡ್ ರೂಮಿಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದೆ.

ಮುಂದಿನದು ಬೇಗ ಮುಗಿಯುವ ಮಾತಲ್ಲ. ವಿನೋಬನಗರದ ಹಿರಿಯರು ಕೂತು ಪಂಚಾಯಿತಿ ಮಾಡಿದರು. ಪ್ರಕಾಶ ಅಲ್ಲಿ ಅತ್ತನಂತೆ. ಪ್ರೀತಿಗೆ ಮಾಡಿದೆ ಎಂದನಂತೆ. "ಹೊಡೀದೆ ಇರೋ ಗಂಡನ್ನ ಬಿಟ್ಟುಬಂದಾಳೆ" ಎಂದು ಹೆಂಗಸರೇ ಆಡಿಕೊಂಡರು. ಮೊಕದ್ದಮೆ ಇನ್ನೂ ನಡೆಯುತ್ತಿದೆ. ಒಮ್ಮೆ ನ್ಯಾಯಾಲಯದಲ್ಲಿ ಪ್ರಕಾಶನ ಕಡೆಯ ವಕೀಲರು ಅವಳು ಬರೆದ ಸಂದೇಶಗಳನ್ನು ಅವಳೆದುರೇ ಗಟ್ಟಿಯಾಗಿ ಓದಿದರು. ತಂಗಿಗೆ ಬರೆದ ಗುಟ್ಟಿನ ಮಾತುಗಳನ್ನು ಅಷ್ಟು ಜನ ಗಂಡಸರ ನಡುವೆ ನಿಂತು ಕೇಳಬೇಕಾಯಿತು. ಹೊರಗೆ ಬಂದವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಜೊತೆಗೆ ಬಂದಿದ್ದ ಸವಿತಾ ಅವಳ ಬೆನ್ನು ನೀವುತ್ತಿದ್ದಳು. ಅಕ್ಕ ತಂಗಿ ಈಗ ಒಂದೇ ಮನೆಯಲ್ಲಿದ್ದಾರೆ, ಒಂದೇ ಒಲೆಯ ಅಡುಗೆ ಉಣ್ಣುತ್ತಾರೆ. ಮೊದಲಿನ ಹಾಗೆ ನಗುವುದನ್ನು ನಾನು ನೋಡಿಲ್ಲ. ನಾಗವೇಣಿ ಹರಿಹರದಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಕಂಪ್ಯೂಟರು ಮುಟ್ಟುವುದಿಲ್ಲ. ಬಿಲ್ಲು ಬೇರೆಯವರು ಹೊಡೆಯುತ್ತಾರೆ, ಅವಳು ಔಷಧಿ ತೆಗೆದುಕೊಡುತ್ತಾಳೆ.

ತಿಂಗಳಿಗೊಮ್ಮೆ ಮಗಳನ್ನು ತಂದೆಯ ಹತ್ತಿರ ಕಳಿಸಬೇಕೆಂದು ನ್ಯಾಯಾಲಯ ಹೇಳಿದೆ. ಹೋದ ತಿಂಗಳು ಹಾಗೆ ಹೋಗಿ ಬಂದ ಕೆಲವು ದಿನಕ್ಕೆ ಸಿಂಚನಾಳನ್ನು ಕರೆದುಕೊಂಡು ನಾಗವೇಣಿ ನಮ್ಮ ಮನೆಗೆ ಬಂದಳು. ಸಿಂಚನಾ ಈಗ ಹೈಸ್ಕೂಲಿನ ಹುಡುಗಿ, ತಾಯಿಗಿಂತ ಎತ್ತರ. ನಾಗವೇಣಿ ಚೀಲದಿಂದ ಒಂದು ಟ್ಯಾಬು ತೆಗೆದು ನನ್ನ ಮುಂದಿಟ್ಟಳು.

"ಇವ್ರಪ್ಪ ಕೊಟ್ಟಾನೆ. ಹುಟ್ಟಿದ ಹಬ್ಬಕ್ಕೆ ಅಂತ. ನೋಡ್ರಿ ಅಕ್ಕ."

ನಾನು ನೋಡಿದೆ. ಯಾವ ಯಾವ ಪ್ರೋಗ್ರಾಮುಗಳಿವೆ, ಯಾವುದಕ್ಕೆ ಕ್ಯಾಮೆರಾ, ಮೈಕು, ಜಾಗದ ಗುರುತು ತಿಳಿಯುವ ಅನುಮತಿ ಇದೆ, ಯಾರ ಖಾತೆ ಸೇರಿಸಿದ್ದಾರೆ, ಬಚ್ಚಿಟ್ಟದ್ದು ಏನಾದರೂ ಇದೆಯೇ ಎಂದು ಒಂದೊಂದಾಗಿ ನೋಡಿದೆ. ಪಾಠದ ವಿಡಿಯೋಗಳಿದ್ದವು. ಸಿಂಚನಾ ಅದರಲ್ಲೇ ಬರೆದ ಚಿತ್ರಗಳಿದ್ದವು. ತುಂಗಭದ್ರೆಯ ಸೇತುವೆ, ಕೊಕ್ಕನೂರಿನ ಮನೆಯ ಬೆಕ್ಕು, ಸವಿತಾ ಚಿಕ್ಕಮ್ಮನ ಮುಖ. ಚೆನ್ನಾಗಿ ಬರೆದಿದ್ದಳು.

"ಏನೂ ಇಲ್ಲ ನಾಗವೇಣಿ."

"ಇನ್ನೊಂದ್ಸಲ ನೋಡ್ರಿ."

ಇನ್ನೊಂದು ಸಲ ನೋಡಿದೆ. ಏನೂ ಇರಲಿಲ್ಲ. ಹಾಗೆಂದೆ.

"ನಿಮಗೆ ಕಾಣ್ದಂಗೆ ಇಟ್ಟಿದ್ರೆ?"

ಇಷ್ಟು ವರ್ಷ ಈ ಕೆಲಸ ಮಾಡಿದವಳು ನಾನು. ಇದ್ದರೆ ಇದೆ ಎಂದು ತೋರಿಸಬಲ್ಲೆ. ಇಲ್ಲ ಎನ್ನುವುದನ್ನು ತೋರಿಸುವುದು ಹೇಗೆ? ಆ ಮನುಷ್ಯ ಈ ಸಲ ನಿಜವಾಗಿಯೂ ಮಗಳಿಗೆ ಒಂದು ಟ್ಯಾಬು ಕೊಡಿಸಿದ್ದನೋ ಏನೋ. ಅದನ್ನು ಬಿಟ್ಟು ಬೇರೆ ಮಾತು ತೆಗೆದೆ.

"ಎಲ್ಲಾ ಅಳಿಸಿ ಹೊಸದರ ಹಂಗೆ ಮಾಡಬಹುದು" ಎಂದೆ. "ಆದ್ರೆ ಚಿತ್ರಗಳೂ ಹೋಗ್ತಾವೆ. ಬೇಕಾದ್ರೆ ಮೊದ್ಲು ಅವನ್ನ ಬೇರೆ ಕಡೆ ತೆಗೆದಿಡ್ತೀನಿ."

"ಬ್ಯಾಡ" ಎಂದಳು ನಾಗವೇಣಿ. "ಅವುಗಳ ಜೊತೆ ಏನಾದ್ರೂ ಬಂದ್ರೆ?"

ನಾನು ಸಿಂಚನಾಳ ಮುಖ ನೋಡಿದೆ. ಟ್ಯಾಬು ಅವಳದು, ಚಿತ್ರ ಅವಳದು. ಅವಳು ತಾಯಿಯನ್ನು ಒಂದು ಸಲ ನೋಡಿ ನನ್ನ ಕಡೆ ತಿರುಗಿದಳು.

"ಅಳಿಸ್ರಿ ಅಜ್ಜಿ. ಇಲ್ಲಾಂದ್ರೆ ಅಮ್ಮ ನಿದ್ದೆ ಮಾಡಲ್ಲ."

ಅಳಿಸಿದೆ. ಟ್ಯಾಬು ಆರಿ ಮತ್ತೆ ಹೊತ್ತಿಕೊಂಡಿತು. ಯಾವ ಭಾಷೆ ಬೇಕು ಎಂದು ಕೇಳಿತು. ಅದನ್ನು ಸಿಂಚನಾಳ ಕಡೆ ಚಾಚಿದೆ. ನಡುವೆ ನಾಗವೇಣಿಯ ಕೈ ಬಂತು. ಅವಳು ಟ್ಯಾಬನ್ನು ಸೆರಗಿನಲ್ಲಿ ಹಿಡಿದು, ಆರಿಸಿ, ಒಂದು ಟವೆಲ್ಲಿನಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದಳು.

"ಬರ್ತೀವಿ ಅಕ್ಕ. ಬಸ್ಸಿಗೆ ಹೊತ್ತಾಯ್ತು."

ಕೊಕ್ಕನೂರಿನ ಬಸ್ಸಿನವರೆಗೂ ನಾನು ಹೋದೆ. ಕಿಟಕಿಯ ಪಕ್ಕ ಸಿಂಚನಾ ಕೂತಿದ್ದಳು, ಚೀಲ ನಾಗವೇಣಿಯ ತೊಡೆಯ ಮೇಲಿತ್ತು. ಬಸ್ಸು ಹೊರಡುವವರೆಗೂ ಆ ಹುಡುಗಿ ಅದರ ಕಡೆ ನೋಡಲಿಲ್ಲ. ಕೊಡು ಎಂದು ಕೇಳಲೂ ಇಲ್ಲ.